ಉಳಿದ ಐದು ಎಂ.ಎಲ್.

ಹೊಳೆನರಸೀಪುರ
9 ಜೂನ್ 2025

ಭಾವನವರಿಗೆ ನಮಸ್ಕಾರ.

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಕ್ಕನಿಗೆ ಫೋನ್ ಮಾಡಿ ನಿಮ್ಮ ಕೈಗೆ ಕೊಡಿಸಬಹುದಿತ್ತು. ಆದರೆ ಕಟ್ಟಾಯದ ಗೃಹಪ್ರವೇಶದ ದಿನ, ಊಟದ ಪಂಕ್ತಿಯಲ್ಲಿ ಎಲ್ಲರೂ ಕೇಳುವ ಹಾಗೆ ನೀವು "ನರ್ಸ್ ಅಂದ್ರೆ ತೊಳೆಯೋರು, ತಿಳಿಯೋರಲ್ಲ" ಎಂದದ್ದು ಇನ್ನೂ ಕಿವಿಯಲ್ಲಿದೆ. ಆ ದನಿ ಮತ್ತೆ ಕೇಳಬೇಕೆನಿಸಲಿಲ್ಲ. ಕಾಗದ ಸಾಕು. ನನಗೆ ಬೇಕಾಗಿರುವುದು ನಿಮ್ಮ ಪ್ರಯೋಗಾಲಯದ ಯಂತ್ರ, ನೀವಲ್ಲ.

ಮೇ ಇಪ್ಪತ್ತೆರಡರಂದು ನಮ್ಮ ನರ್ಸಿಂಗ್ ಹೋಮಿನಲ್ಲಿ ಮೂರನೇ ಆಪರೇಷನ್ ನಡೆಯುವಾಗ ನನ್ನ ಕೈಯಿಂದ ಟ್ರೇ ಜಾರಿತು. ತಲೆ ಸುತ್ತಿ ಗೋಡೆಗೆ ಒರಗಿ ಕೂತುಬಿಟ್ಟೆ. ಮಾಲೀಕರಾದ ಡಾ. ಕೀರ್ತಿರಾಜ್ ಹೊಲಿಗೆಯಿಂದ ಕಣ್ಣು ತೆಗೆಯದೆ, "ಬೆಳಬೆಳಗ್ಗೇನೇ ಹಾಕ್ಕೊಂಡ್ ಬಂದಿದ್ಯೇನಮ್ಮ?" ಎಂದರು. ಟೇಬಲ್ಲಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದವರೊಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು. ಮಾರನೆಯ ವಾರ ನೋಟಿಸ್ ಬಂತು. ಮದ್ಯಪಾನ ಮಾಡಿ ಕರ್ತವ್ಯಕ್ಕೆ ಬಂದಿದ್ದೇನೆಂದು ಆರೋಪ. ವಿಚಾರಣೆ ನಡೆಸುವವರು ಚನ್ನರಾಯಪಟ್ಟಣದ ನಿವೃತ್ತ ವೈದ್ಯರು ಡಾ. ತಿಮ್ಮಪ್ಪ. ಸಾಬೀತಾದರೆ ಹದಿನಾಲ್ಕು ವರ್ಷದ ಕೆಲಸ ಹೋಗುತ್ತದೆ. ಆ ಹೆಸರು ಹೊತ್ತವಳನ್ನು ಅರಕಲಗೂಡಿನಲ್ಲಾಗಲಿ ಹಾಸನದಲ್ಲಾಗಲಿ ಇನ್ನೊಬ್ಬರು ಆಪರೇಷನ್ ಥಿಯೇಟರಿಗೆ ಸೇರಿಸುವುದೂ ಇಲ್ಲ. ತಮಾಷೆಯೆಂದರೆ, ನೋಟಿಸ್ ಕೊಟ್ಟವರೇ ವಾರಕ್ಕೆ ಆರು ದಿನ ನನ್ನ ಹೆಸರು ಡ್ಯೂಟಿಗೆ ಬರೆಯುತ್ತಿದ್ದಾರೆ. ಬೇರೆ ನರ್ಸ್ ಸಿಕ್ಕಿಲ್ಲ.

ನಾನು ಕುಡಿಯುವುದಿಲ್ಲ. ಉಸಿರಾಡುತ್ತೇನೆ, ಅಷ್ಟೇ. ರೋಗಿಗೆ ಕೊಡುವ ಅರಿವಳಿಕೆ ಅನಿಲ ಅವರ ಉಸಿರಿನ ಜೊತೆ ಹೊರಬಂದು ಪೈಪಿನ ಮೂಲಕ ಕಟ್ಟಡದಾಚೆ ಹೋಗಬೇಕು. ನಮ್ಮಲ್ಲಿ ಆ ಪೈಪು ಎರಡು ವರ್ಷದಿಂದ ಟೇಬಲ್ಲಿನ ಕೆಳಗೇ ಬಿದ್ದಿದೆ. ಎ.ಸಿ. ಹಾಕಿರುವುದರಿಂದ ಕಿಟಕಿ ತೆಗೆಯುವಂತಿಲ್ಲ. ಆಯಾ ಮಲ್ಲಿಗಮ್ಮ, "ನಿಂಗೆ ಗಾಳಿ ಮೆಟ್ಟದೆ ಕಣವ್ವ, ಒಂದ್ ತಾಯ್ತ ಕಟ್ಟುಸ್ಕೊ" ಎನ್ನುತ್ತಾಳೆ. ಇಡೀ ಆಸ್ಪತ್ರೆಯಲ್ಲಿ ಕಾಯಿಲೆ ಸರಿಯಾಗಿ ಹಿಡಿದವಳು ಅವಳೊಬ್ಬಳೇ.

ಆ ಅನಿಲ ನನ್ನ ರಕ್ತದಲ್ಲಿದೆಯೇ, ಎಷ್ಟಿದೆ ಎಂಬುದನ್ನು ನೀವು ಅಳೆಯಬಲ್ಲಿರೆಂದು ಅಕ್ಕ ಹೇಳಿದಳು. ಇವತ್ತಿನ ರಕ್ತವನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ಹಾಸನದ ಬಸ್ಸಿಗೆ ಕೊಟ್ಟಿದ್ದೇನೆ. ತೋಳಿಗೆ ಸ್ಪಿರಿಟ್ ಹಚ್ಚಿ, ಶುದ್ಧವಾಗಿ, ಕಲಿತ ಕ್ರಮದಲ್ಲೇ ತೆಗೆದಿದ್ದೇನೆ.

ಪುಷ್ಪಾವತಿ


ಹಾಸನ
14 ಜೂನ್ 2025

ಶ್ರೀಮತಿ ಪುಷ್ಪಾವತಿಯವರಿಗೆ,

ಫ್ಲಾಸ್ಕು ಬಂತು. ಐಸು ನೀರಾಗಿತ್ತು. ಟ್ಯೂಬಿನಲ್ಲಿ ಅರ್ಧ ರಕ್ತವಿತ್ತು, ಅರ್ಧ ಗಾಳಿ. ನಾನು ಹುಡುಕಬೇಕಾದದ್ದು ಆ ಗಾಳಿಗೆ ಏರಿ, ಮುಚ್ಚಳದ ಸಂದಿಯಲ್ಲಿ ನುಸುಳಿ, ಬಹುಶಃ ನಿಮ್ಮ ಊರಿನ ಚನ್ನಾಂಬಿಕ ವೃತ್ತ ದಾಟುವ ಮೊದಲೇ ಬಸ್ಸಿನಿಂದ ಇಳಿದುಹೋಗಿತ್ತು. ಅನಿಲ ಅಳೆಯಲಾಗದಷ್ಟು ಕಡಿಮೆ.

ಸಿರಿಂಜಿನ ಸೂಜಿ ಕಿತ್ತು, ಟ್ಯೂಬಿನ ಮುಚ್ಚಳ ತೆಗೆದು, ರಕ್ತವನ್ನು ಗಾಜಿನ ಗೋಡೆಗುಂಟ ಮೆಲ್ಲಗೆ ಇಳಿಸಿದ್ದೀರಿ. ರಕ್ತಕಣ ಒಡೆಯಬಾರದೆಂದು ನಿಮಗೆ ಕಲಿಸಿರುತ್ತಾರೆ. ಸಕ್ಕರೆ ನೋಡಲು, ಹಿಮೋಗ್ಲೋಬಿನ್ ನೋಡಲು ಅದು ಸರಿ. ಇಲ್ಲಿ ಹುಡುಕುತ್ತಿರುವುದು ತಾನಾಗಿ ಹಾರಿಹೋಗುವ ವಸ್ತುವನ್ನು ಎಂಬ ಯೋಚನೆ ನಿಮಗೆ ಬರಲಿಲ್ಲ. ಬರಬೇಕೆಂದು ನಾನೂ ನಿರೀಕ್ಷಿಸಿರಲಿಲ್ಲ.

ಇದರ ಜೊತೆ ರಬ್ಬರ್ ಬಿರಡೆಯ ಗಾಜಿನ ಬಾಟಲಿಗಳನ್ನು ಕಳಿಸಿದ್ದೇನೆ. ಬಿರಡೆಯ ಸುತ್ತ ಲೋಹದ ಉಂಗುರವಿದೆ, ಅದನ್ನು ಕೀಳಬೇಡಿ. ಥಿಯೇಟರಿನಿಂದ ಹೊರಬಂದ ಹತ್ತು ನಿಮಿಷದೊಳಗೆ ರಕ್ತ ತೆಗೆಯಿರಿ. ತಡವಾದರೆ ನಿಮ್ಮ ಉಸಿರೇ ಸಾಕ್ಷಿಯನ್ನು ಹೊರಗೆ ಹಾಕಿಬಿಡುತ್ತದೆ. ರಬ್ಬರಿಗೆ ಸೂಜಿ ಚುಚ್ಚಿ ತುಂಬಿ. ಒಳಗಿನ ಗಾಳಿ ಹೋಗಲು ಇನ್ನೊಂದು ಖಾಲಿ ಸೂಜಿ ಚುಚ್ಚಿಟ್ಟು, ಅದರ ತುದಿಯಲ್ಲಿ ರಕ್ತದ ಹನಿ ಕಂಡಾಗ ನಿಲ್ಲಿಸಿ. ಇಲ್ಲಿ ನಾನು ಅದನ್ನು ಬಿಸಿ ಮಾಡಿ, ಮೇಲೇಳುವ ಆವಿಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರಕ್ಕೆ ಬಿಡುತ್ತೇನೆ. ಆವಿಯಲ್ಲಿರುವ ಒಂದೊಂದು ವಸ್ತುವೂ ಒಂದೊಂದು ಹೊತ್ತಿಗೆ ಹೊರಬಂದು ಕಾಗದದ ಮೇಲೆ ತನ್ನ ಗೆರೆ ಎತ್ತುತ್ತದೆ. ಔಷಧ ಕಾರ್ಖಾನೆಗಳ ಮಾದರಿಗೆ ಇಪ್ಪತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ನೀವು ನನ್ನ ನಾದಿನಿಯೆಂದು ಡಾ. ತಿಮ್ಮಪ್ಪನವರಿಗೆ ಬರೆದು ತಿಳಿಸಿದ್ದೇನೆ. ಸುತ್ತಮುತ್ತ ಬೇರೆ ಯಂತ್ರವಿಲ್ಲವೆಂದು ಅವರು ಒಪ್ಪಿದ್ದಾರೆ. ಆದ್ದರಿಂದ ನಿಮಗೆ ಯಾವ ರಿಯಾಯಿತಿಯೂ ಇರುವುದಿಲ್ಲ. ಕಂಡದ್ದನ್ನೆಲ್ಲ ಬರೆಯುವುದು ನನ್ನ ಕ್ರಮ.

ಹಿಂದಿನ ದಿನ ಏನು ಉಂಡಿರಿ, ಏನು ಕುಡಿದಿರಿ ಎಂಬುದನ್ನೂ ಈ ಸಲ ಬರೆಯಿರಿ.

ನಂಜುಂಡೇಶ್


ಹೊಳೆನರಸೀಪುರ
20 ಜೂನ್ 2025

ಭಾವನವರಿಗೆ,

'ನೀವು' ಎಂದು ಬರೆದಿದ್ದೀರಿ. ಹೆಂಡತಿಯ ತಂಗಿಯನ್ನು ನಮ್ಮ ಕಡೆ ಯಾರೂ ಹಾಗೆ ಕರೆಯುವುದಿಲ್ಲ. ಕಸದ ಬುಟ್ಟಿಯನ್ನು ಗ್ಲೌಸ್ ಹಾಕಿಕೊಂಡು ಮುಟ್ಟುತ್ತಾರಲ್ಲ, ಹಾಗೆ ಕಂಡಿತು. ಇರಲಿ.

ನೀವು ಹೇಳಿದಂತೆಯೇ ಮಾಡಿದ್ದೇನೆ. ಎರಡು ಗರ್ಭಕೋಶದ ಆಪರೇಷನ್, ಒಂದು ಹರ್ನಿಯಾ ಮುಗಿಸಿ ಹೊರಬಂದ ಆರನೇ ನಿಮಿಷಕ್ಕೆ ಎಡತೋಳಿನಿಂದ ನಾನೇ ತೆಗೆದುಕೊಂಡೆ. ಉಂಗುರ ಕಿತ್ತಿಲ್ಲ. ಎರಡನೇ ಸೂಜಿಯಲ್ಲಿ ಹನಿ ಕಂಡಿತು. ನಾನು ತೊಳೆಯುವವಳಾದ್ದರಿಂದ ಶುಚಿಗೇನೂ ಕಡಿಮೆ ಮಾಡಿಲ್ಲ.

ಮಲ್ಲಿಗಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಯಾರ್ಗವ್ವ ಇದು?" ಎಂದಳು. ಭಾವನಿಗೆ ಎಂದೆ. "ಅಯ್ಯೋ, ಬಾವಂಗೆ ಬಾಡೂಟ ಆಕ್ಸೋದ್ ನೋಡಿವ್ನಿ, ರಕ್ತ ಕಳ್ಸೋದ್ನ ಇವತ್ತೇ ನೋಡಿದ್ದು" ಎಂದಳು.

ಹಿಂದಿನ ದಿನ ಉಂಡದ್ದು: ಬೆಳಗ್ಗೆ ಅರಕಲಗೂಡಿನ ಮನೆಯಲ್ಲಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಧ್ಯಾಹ್ನ ಬುತ್ತಿಯಲ್ಲಿ ಅನ್ನ, ಹುರುಳಿಕಟ್ಟಿನ ಸಾರು. ಸಂಜೆ ಮುದ್ದೆ, ಅದೇ ಸಾರು. ಕುಡಿದದ್ದು: ನೀರು, ಎರಡು ಸಲ ಕಾಫಿ, ಒಂದು ಲೋಟ ಮಜ್ಜಿಗೆ. ಇಷ್ಟು ವಿವರವಾಗಿ ನನ್ನ ಊಟ ಕೇಳಿದವರು ನಮ್ಮ ಮನೆಯಲ್ಲೂ ಇಲ್ಲ. ಪರೀಕ್ಷೆಗೆ ಬೇಕಾಗುತ್ತದೆಂದು ಬರೆದಿದ್ದೇನೆ.

ಪುಷ್ಪಾವತಿ


ಹಾಸನ
1 ಜುಲೈ 2025

ಶ್ರೀಮತಿ ಪುಷ್ಪಾವತಿಯವರಿಗೆ,

ವರದಿ ಸಿದ್ಧವಾಗಿದೆ. ಅಂಶಗಳು ಎರಡು.

ಮೊದಲನೆಯದು, ನಿಮ್ಮ ಅರಿವಳಿಕೆ ಅನಿಲ ಐಸೊಫ್ಲುರೇನ್, ಲೀಟರ್ ರಕ್ತಕ್ಕೆ ನೂರ ಅರವತ್ತು ಮೈಕ್ರೊಗ್ರಾಂ. ಥಿಯೇಟರಿನ ಒಳಗೆ ಕಾಲಿಡದವರಲ್ಲಿ ಇದು ಇರುವುದಿಲ್ಲ. ನಿಮ್ಮ ಮಾಲೀಕರ ಪೈಪು ಎಲ್ಲಿ ಬಿದ್ದಿದೆಯೆಂದು ನೀವು ಬರೆದದ್ದು ನಿಜವಿರಬೇಕು. ತನ್ನ ಅನಿಲವನ್ನು ತಾನೇ ಕುಡಿಯುವ ಕೋಣೆಯಲ್ಲಿ ನಿಂತು ಇನ್ನೊಬ್ಬರ ಹೊಟ್ಟೆ ಕುಯ್ಯುವ ಮನುಷ್ಯನ ಬಗ್ಗೆ ನನ್ನಲ್ಲಿ ಹೇಳುವಂಥ ಮಾತಿಲ್ಲ.

ಎರಡನೆಯದು, ಈಥೈಲ್ ಆಲ್ಕೊಹಾಲ್, ನೂರು ಎಂ.ಎಲ್.ಗೆ ಇಪ್ಪತ್ತಾರು ಮಿಲಿಗ್ರಾಂ. ವಾಹನ ಓಡಿಸುವವರಿಗೆ ಹಾಕಿರುವ ಮಿತಿಗಿಂತ ನಾಲ್ಕು ಕಡಿಮೆ. ಎರಡು ಸಲ ಯಂತ್ರಕ್ಕೆ ಬಿಟ್ಟೆ, ಎರಡು ಸಲವೂ ಅದೇ ಗೆರೆ ಅದೇ ಜಾಗದಲ್ಲಿ ಎದ್ದಿತು. ಮಜ್ಜಿಗೆ ಎಂದು ಬರೆದಿದ್ದಿರಿ. ಇಷ್ಟು ಹುಳಿಯಾದ ಮಜ್ಜಿಗೆಯನ್ನು ನಾನು ಕಂಡಿಲ್ಲ.

ಕುಡಿಯುವುದು ನಿಮ್ಮ ಸ್ವಂತ ವಿಷಯ. ಸುಳ್ಳು ಬರೆದು ಕಳಿಸಿ ನನ್ನ ಸಹಿ ಕೇಳಿದ್ದು ನಿಮ್ಮ ಸ್ವಂತ ವಿಷಯವಲ್ಲ. ಎರಡೂ ಅಂಶಗಳಿರುವ ವರದಿಯನ್ನು ಇವತ್ತೇ ಡಾ. ತಿಮ್ಮಪ್ಪನವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಾದಿನಿಯೆಂದು ಒಂದು ಗೆರೆಯನ್ನು ಮುಚ್ಚಿಟ್ಟರೆ ಉಳಿದ ಗೆರೆಗೂ ಬೆಲೆಯಿರುವುದಿಲ್ಲ. ಇದು ನಿಮಗೆ ಅರ್ಥವಾಗುತ್ತದೆಂಬ ಭರವಸೆ ನನಗಿಲ್ಲ.

ನಂಜುಂಡೇಶ್


ಅರಕಲಗೂಡು
16 ಜುಲೈ 2025

ಮಾನ್ಯರೇ,

ವರದಿಯ ಪ್ರತಿ ಸಿಕ್ಕಿತು. ಡಾ. ಕೀರ್ತಿರಾಜ್ ಅದನ್ನು ಜೆರಾಕ್ಸ್ ಮಾಡಿಸಿ, ಎರಡನೇ ಅಂಶದ ಕೆಳಗೆ ಕೆಂಪು ಗೀಟು ಎಳೆದು, ಸಿಬ್ಬಂದಿ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಅಂಟಿಸಿದ್ದಾರೆ. ಮೊದಲನೇ ಅಂಶದ ಮೇಲೆ ಬಿಳಿ ಕಾಗದ ಇಟ್ಟು ಜೆರಾಕ್ಸ್ ಮಾಡಿಸಿದ್ದಾರೆ. ನೀವು ಮುಚ್ಚಿಡದ ಗೆರೆಯನ್ನು ಅವರು ಮುಚ್ಚಿಟ್ಟರು.

ಹತ್ತು ದಿನ ಯೋಚಿಸಿದೆ. ನಿಮ್ಮ ಜೊತೆ ವಾದ ಮಾಡುವುದಿಲ್ಲ. ನೀವು ಕೊಟ್ಟಿದ್ದ ಬಾಟಲಿಗಳಲ್ಲಿ ಎರಡು ಉಳಿದಿದ್ದವು. ಎರಡನ್ನೂ ತುಂಬಿ ಕಳಿಸುತ್ತಿದ್ದೇನೆ. ಒಂದರ ಮೇಲೆ ನನ್ನ ಹೆಸರಿದೆ, ಇನ್ನೊಂದರ ಮೇಲೆ ಮಲ್ಲಿಗಮ್ಮನ ಹೆಸರು. ಒಂದೇ ದಿನ, ಒಂದೇ ಕೋಣೆ. ಎರಡರಲ್ಲೂ ಅನಿಲ ಎಷ್ಟಿದೆ, ಆಲ್ಕೊಹಾಲ್ ಎಷ್ಟಿದೆ ಎಂದು ಬರೆದು ಸಹಿ ಮಾಡಿ ಕಳಿಸಿ. ಊಟದ ಪಟ್ಟಿ ಬರೆದಿಲ್ಲ.

ಪುಷ್ಪಾವತಿ


ಹಾಸನ
23 ಜುಲೈ 2025

ಶ್ರೀಮತಿ ಪುಷ್ಪಾವತಿಯವರಿಗೆ,

ಸಹಿ ಮಾಡಿದ ಹಾಳೆ ಜೊತೆಗಿದೆ. ನಿಮ್ಮ ಹೆಸರಿನ ಬಾಟಲಿಯಲ್ಲಿ ಐಸೊಫ್ಲುರೇನ್ ನೂರ ಐವತ್ತೊಂದು, ಆಲ್ಕೊಹಾಲ್ ಇಲ್ಲ. ಹೆದರಿಕೆ ಒಳ್ಳೆಯ ಔಷಧವೆಂದು ಕಾಣುತ್ತದೆ. ಮಲ್ಲಿಗಮ್ಮ ಎಂಬಾಕೆಯ ಬಾಟಲಿಯಲ್ಲಿ ಐಸೊಫ್ಲುರೇನ್ ನೂರ ನಲವತ್ತೆಂಟು, ಆಲ್ಕೊಹಾಲ್ ಮೂವತ್ತೊಂದು. ಒಂದೇ ಕೋಣೆಯ ಗಾಳಿಯಾದ್ದರಿಂದ ಅನಿಲದ ಪ್ರಮಾಣ ಹತ್ತಿರವಿರುವುದು ಸಹಜ. ಆಲ್ಕೊಹಾಲಿನ ವಿಷಯದಲ್ಲಿ, ನಿಮ್ಮ ಆಸ್ಪತ್ರೆಯಲ್ಲಿ ಬಾಟಲಿ ಸರದಿಯ ಮೇಲೆ ತಿರುಗುತ್ತದೆಂದು ತಿಳಿಯಬೇಕಾಗಿದೆ.

ಇನ್ನೊಬ್ಬ ಬಡ ಹೆಂಗಸನ್ನು ಎಳೆದು ತಂದು ತೋರಿಸುವುದರಿಂದ ನಿಮ್ಮ ಇಪ್ಪತ್ತಾರು ಕಡಿಮೆಯಾಗುವುದಿಲ್ಲ.

ನಿಮ್ಮ ಅಕ್ಕ ಮೂರು ವಾರದಿಂದ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಮೊನ್ನೆ ತಟ್ಟೆ ಇಟ್ಟವಳು, "ನನ್ ತಂಗಿ ಕುಡೀತಾಳೆ ಅಂತ ಸೈನ್ ಆಕ್ಬುಟ್ರಾ? ಕಾಫಿಗೆ ಚಿಕೋರಿ ಒಂಚೂರು ಜಾಸ್ತಿಯಾದ್ರೆ ತಲೆನೋವು ಅನ್ನೋಳು ಕಣ್ರೀ ಅವ್ಳು" ಎಂದಳು. ಯಂತ್ರಕ್ಕೆ ಅಕ್ಕತಂಗಿಯರಿಲ್ಲ ಎಂದೆ. "ಅದ್ಕೇ ನೀವು ಅದ್ರ ಜೊತೇಲೇ ಸಂಸಾರ ಮಾಡ್ತಿರೋದು" ಎಂದು ಒಳಗೆ ಹೋದಳು. ಇದನ್ನು ಏಕೆ ಬರೆದೆನೋ ತಿಳಿಯದು. ಮನೆಯೊಳಗೆ ನಿಮ್ಮಿಂದ ಏನಾಗಿದೆಯೆಂದು ನಿಮಗೆ ಗೊತ್ತಿರಲಿ ಎಂದಿರಬೇಕು.

ನಂಜುಂಡೇಶ್


ಅರಕಲಗೂಡು
25 ಜುಲೈ 2025

ಮಾನ್ಯರೇ,

ಸಹಿಗೆ ವಂದನೆಗಳು. ಈಗ ಹೇಳುತ್ತೇನೆ.

ಎರಡೂ ಬಾಟಲಿಯಲ್ಲಿದ್ದದ್ದು ನನ್ನ ರಕ್ತವೇ. ತೋಳನ್ನು ಸೋಪಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಹತ್ತು ಎಂ.ಎಲ್. ಸಿರಿಂಜಿನಲ್ಲಿ ಒಂದೇ ಸಲ ತೆಗೆದೆ. ಮೊದಲ ಐದು ಎಂ.ಎಲ್. ನನ್ನ ಹೆಸರಿನ ಬಾಟಲಿಗೆ ಹೋಯಿತು. ಅದರ ರಬ್ಬರಿಗೆ ಏನನ್ನೂ ಮುಟ್ಟಿಸಿರಲಿಲ್ಲ. ಉಳಿದ ಐದು ಎಂ.ಎಲ್. ಮಲ್ಲಿಗಮ್ಮನ ಹೆಸರಿನ ಬಾಟಲಿಗೆ ಹೋಯಿತು. ಅದರ ರಬ್ಬರನ್ನು ಮಾತ್ರ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿ, ಒದ್ದೆಯಿರುವಾಗಲೇ ಚುಚ್ಚಿದೆ. ಜೂನ್ ಇಪ್ಪತ್ತರಂದು ಮಾಡಿದ್ದೂ ಹಾಗೆಯೇ.

ಹಾಗೆ ಏಕೆ ಮಾಡಿದೆ ಎನ್ನುತ್ತೀರಿ. ಯಾವ ನರ್ಸಾದರೂ ಹಾಗೆಯೇ ಮಾಡುತ್ತಾಳೆ. ರಬ್ಬರ್ ಬಿರಡೆಯ ಯಾವ ಔಷಧಿಯನ್ನೂ ಸ್ಪಿರಿಟ್ಟಿನಲ್ಲಿ ಒರೆಸದೆ ಚುಚ್ಚಬಾರದು. ಟ್ರೇನಿಂಗಿನಲ್ಲಿ ಮರೆತರೆ ನಮ್ಮ ಹೆಡ್ ಸಿಸ್ಟರ್ ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದರು. ನೀವು ಉಂಗುರ ಕೀಳಬೇಡಿ ಎಂದಿರಿ, ಗಾಳಿ ಬಿಡಬೇಡಿ ಎಂದಿರಿ, ಹತ್ತು ನಿಮಿಷ ಎಂದಿರಿ. ಸ್ಪಿರಿಟ್ ಹಚ್ಚಬೇಡಿ ಎನ್ನಲಿಲ್ಲ. ನಮ್ಮ ಆಸ್ಪತ್ರೆಯ ಸ್ಪಿರಿಟ್ ಏನೆಂದು ಬಾಟಲಿಯ ಚೀಟಿ ಓದಿದೆ. ನೀವು ನನ್ನ ರಕ್ತದಲ್ಲಿ ಕಂಡ ಅದೇ ಈಥೈಲ್ ಆಲ್ಕೊಹಾಲ್.

ಆದ್ದರಿಂದ ನಿಮ್ಮ ಸಹಿ ಇರುವ ಹಾಳೆಯ ಪ್ರಕಾರ ಒಂದೇ ಸಿರಿಂಜಿನ ಮೊದಲ ಐದು ಎಂ.ಎಲ್. ಕುಡಿದಿರಲಿಲ್ಲ, ಉಳಿದ ಐದು ಎಂ.ಎಲ್. ಕುಡಿದಿತ್ತು. ಸೂಜಿಯ ದಾರಿಯಲ್ಲಿ ಯಾವ ಬಾರ್ ಇದೆಯೋ ನೀವೇ ಹುಡುಕಿ.

ಮಲ್ಲಿಗಮ್ಮ ಮನೆದೇವರ ತೀರ್ಥಕ್ಕೂ ಒಂದು ತೊಟ್ಟು ಸಾಕೆನ್ನುವವಳು. ಹೆಸರು ಬಳಸಲೇ ಎಂದು ಕೇಳಿದಾಗ, "ಎಸ್ರು ತಾನೆ, ತಗವ್ವ. ಬಳಸುದ್ರೆ ಸವ್ದೋಯ್ತದಾ?" ಎಂದಳು. ನೀವು ಅವಳ ಬಗ್ಗೆ ಬರೆದದ್ದನ್ನು ಓದಿ ಹೇಳಿದೆ. ನಕ್ಕು ನಕ್ಕು ಬಕೆಟ್ ಪಕ್ಕ ಕೂತುಬಿಟ್ಟಳು. "ಓದ್ದೋರು ಕಣವ್ವ, ಬುಡು" ಎಂದಳು.

ತಿಳಿಯುವವರು ನೀವು. ವರದಿ ಏನು ಮಾಡುತ್ತೀರೋ ತಿಳಿದು ಮಾಡಿ.

ಪುಷ್ಪಾವತಿ


ಹಾಸನ
11 ಆಗಸ್ಟ್ 2025

ಪುಷ್ಪಾವತಿಯವರಿಗೆ,

ಡಾ. ತಿಮ್ಮಪ್ಪನವರಿಗೆ ಕಳಿಸಿದ ಪತ್ರದ ಪ್ರತಿ ಲಗತ್ತಿಸಿದೆ. ಇದರಿಂದ ನಿಮ್ಮ ಕೆಲಸ ಆಗುತ್ತದೆಂದು ಭಾವಿಸುತ್ತೇನೆ.

"ಜುಲೈ 1ರ ವರದಿಯ ಎರಡನೇ ಅಂಶವನ್ನು ತಾಂತ್ರಿಕ ಕಾರಣಗಳಿಂದ ಹಿಂಪಡೆಯಲಾಗಿದೆ."

ನಂಜುಂಡೇಶ್


ಅರಕಲಗೂಡು
20 ಆಗಸ್ಟ್ 2025

ಮಾನ್ಯರೇ,

ನಿನ್ನೆ ವಿಚಾರಣೆಗೆ ಹೋಗಿದ್ದೆ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿಯ ಮಹಡಿಯ ಮೇಲೆ ಡಾ. ತಿಮ್ಮಪ್ಪನವರ ಕೋಣೆ. ಕೆಳಗೆ ಕಾಯಿ ಎಣಿಸುವವರ ಗದ್ದಲ, ಮೇಲೆ ನಾವು ಮೂವರು. ಅವರು ನಿಮ್ಮ ಒಂದು ಸಾಲನ್ನು ಓದಿದರು. ಕೀರ್ತಿರಾಜ್ ಕುರ್ಚಿಯಲ್ಲಿ ಮುಂದಕ್ಕೆ ಜರುಗಿದರು.

"ಸಾರ್, ಲ್ಯಾಬ್‌ನೋರೇ ತಪ್ಪಾಗದೆ ಅಂತ ಒಪ್ಕೊಂಡವ್ರೆ. ಸಂತೋಷ. ಎರಡ್ನೇದು ತಪ್ಪಾದ್ರೆ ಒಂದ್ನೇದು ಸರಿ ಅಂತ ಎಂಗ್ ನಂಬೋದು? ಅದೇ ಯಂತ್ರ, ಅದೇ ಮನ್ಸ. ಎಂಡಾನೂ ಇಲ್ಲ, ಗ್ಯಾಸೂ ಇಲ್ಲ. ಅಂಗಾದ್ರೆ ಈಯಮ್ಮ ಯಾಕ್ ಬಿದ್ಲು? ಮೂರ್ಛೆ ಇರ್ಬೇಕು. ಮೂರ್ಛೆ ಇರೋರ್ನ ಥಿಯೇಟರಲ್ಲಿ ಇಟ್ಕೊಳಕ್ಕಾಗಲ್ಲ. ಮಾನವೀಯತೆ ದೃಷ್ಟಿಯಿಂದ ಮನೇಗ್ ಕಳಿಸ್ತೀವಿ."

ಕುಡುಕಿ ಆಗಿದ್ದವಳು ಒಂದು ಗಳಿಗೆಯಲ್ಲಿ ರೋಗಿಯಾದೆ. ದಾರಿ ಎರಡೂ ಮನೆಗೇ ಹೋಗುತ್ತವೆ.

ಎರಡು ಬಾಟಲಿಯ ಕಥೆ ಹೇಳಿದೆ. ಹಾಳೆ ತೋರಿಸಿದೆ. ಹಾಳೆಯಲ್ಲಿ ಇರುವುದು ಎರಡು ಹೆಂಗಸರ ಹೆಸರು. ಒಂದೇ ರಕ್ತವೆಂದು ಬರೆದವರು ಯಾರೂ ಇಲ್ಲ. ಕೀರ್ತಿರಾಜ್ ನಕ್ಕರು. "ನರ್ಸಮ್ಮ ಸೈಂಟಿಸ್ಟ್ ಆಗ್ಬುಟ್ಟವ್ರೆ ಸಾರ್." ತಿಮ್ಮಪ್ಪನವರು ನಗಲಿಲ್ಲ. "ನೀನ್ ಏಳೋದು ಸರಿ ಇರ್ಬೌದು ಕಣಮ್ಮ, ಆದ್ರೆ ಬಾಯ್ಮಾತು. ಇಪ್ಪತ್ತೊಂಬತ್ನೇ ತಾರೀಕ್ ಕೊನೇದು. ಅಷ್ಟ್ರಲ್ಲಿ ಆ ನಂಜುಂಡೇಶ್ ಅನ್ನೋರ್ ಕೈಲೇ ಬರುಸ್ಕೊಂಡ್ ಬಾ" ಎಂದರು.

'ಹಿಂಪಡೆಯಲಾಗಿದೆ.' ಯಾರು ಹಿಂಪಡೆದರು? ನನ್ನ ನೋಟಿಸಿನಲ್ಲೂ 'ಆರೋಪಿಸಲಾಗಿದೆ' ಎಂದಿತ್ತು, ಯಾರೂ ಆರೋಪಿಸಿರಲಿಲ್ಲ. ಈ 'ಲಾಗಿದೆ' ಎಂಬ ಮನುಷ್ಯ ಯಾರೋ, ನಮ್ಮ ಜಿಲ್ಲೆಯ ಎಲ್ಲ ಆಫೀಸಿನಲ್ಲೂ ಅವನೇ ಕೆಲಸ ಮಾಡುತ್ತಾನೆ. ತಪ್ಪೂ ಅವನದೇ.

ಎರಡು ಬಾಟಲಿಯಲ್ಲಿ ಅನಿಲ ಒಂದೇ ಸಮ ಬಂದಿದೆ, ನೂರ ಐವತ್ತೊಂದು, ನೂರ ನಲವತ್ತೆಂಟು. ಸ್ಪಿರಿಟ್ ಮುಟ್ಟಿದರೂ ಅಷ್ಟೇ, ಮುಟ್ಟದಿದ್ದರೂ ಅಷ್ಟೇ. ಅನಿಲ ನಿಜವೆನ್ನಲು ಇದಕ್ಕಿಂತ ಏನು ಬೇಕು? ಇದು ನಿಮಗೆ ಹೊಳೆಯದೆ ಇರಲಿಲ್ಲ. ಬರೆದರೆ ತೊಳೆಯುವವಳೊಬ್ಬಳು ನಿಮ್ಮನ್ನು ಪರೀಕ್ಷೆ ಮಾಡಿದಳೆಂದು ಬರೆಯಬೇಕಾಗುತ್ತಿತ್ತು. ಅದಕ್ಕೇ ಬಿಟ್ಟಿರಿ. ನಿಮ್ಮ ಮರ್ಯಾದೆ ಉಳಿಯಿತು. ನನ್ನ ಕೆಲಸ ಮುಂದಿನ ವಾರದ ಶುಕ್ರವಾರದವರೆಗೆ ಉಳಿದಿದೆ.

ಪುಷ್ಪಾವತಿ


ಹಾಸನ
24 ಆಗಸ್ಟ್ 2025

ಪುಷ್ಪಾವತಿಯವರಿಗೆ,

ಜೊತೆಗಿರುವ ಎರಡು ಪುಟದ ಹೇಳಿಕೆಯನ್ನು ಡಾ. ತಿಮ್ಮಪ್ಪನವರ ಕೈಗೆ ಕೊಡಿ. ಅಂಚೆಯನ್ನು ನಂಬದೆ ನಿಮ್ಮ ಅಕ್ಕನ ಕೈಯಲ್ಲೇ ಕಳಿಸುತ್ತಿದ್ದೇನೆ. ಅದರಲ್ಲಿರುವುದನ್ನು ಇಲ್ಲಿ ಚುಟುಕಾಗಿ ಬರೆಯುತ್ತೇನೆ, ನೀವು ತಿದ್ದುವುದಿದ್ದರೆ ತಿದ್ದಿ.

ರಕ್ತದಲ್ಲಿ ಆಲ್ಕೊಹಾಲ್ ನೋಡುವಾಗ ಸ್ಪಿರಿಟ್ ಮುಟ್ಟಿಸಬಾರದೆಂಬುದು ಈ ಕೆಲಸದ ಮೊದಲ ಪಾಠ. ನಾನು ಅದನ್ನು ಹೇಳಲಿಲ್ಲ. ನಾನು ಹುಡುಕುತ್ತಿದ್ದುದು ಅನಿಲವನ್ನು. ಆಲ್ಕೊಹಾಲಿನ ಗೆರೆ ತಾನಾಗಿ ಎದ್ದಾಗ, ಅದು ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಜುಲೈ 16ರ ಎರಡು ಬಾಟಲಿಗಳನ್ನು ಸಿದ್ಧಪಡಿಸಿದವರು ಸ್ಟಾಫ್ ನರ್ಸ್ ಪುಷ್ಪಾವತಿ. ಎರಡೂ ಒಂದೇ ರಕ್ತವೆಂಬುದು ಪರೀಕ್ಷಿಸಿದ ನನಗೆ ತಿಳಿದಿರಲಿಲ್ಲ. ತಿಳಿಯದೆ ಅಳೆದಾಗಲೂ ಅನಿಲ ಎರಡರಲ್ಲೂ ಸಮನಾಗಿ ಬಂದಿದೆ. ಬಾಟಲಿ ತುಂಬುವ ರೀತಿ ಬದಲಾದರೂ ಬದಲಾಗದಿರುವುದು ಅದೊಂದೇ. ಆದ್ದರಿಂದ ಅದು ರಕ್ತದಲ್ಲೇ ಇತ್ತು. ಆಲ್ಕೊಹಾಲ್ ರಬ್ಬರಿನ ಮೇಲಿತ್ತು. ತಪ್ಪು ನನ್ನದು. ಹೇಳಿಕೆಯಲ್ಲಿ ಈ ಕೊನೆಯ ಎರಡು ಪದಗಳೂ ಹೀಗೆಯೇ ಇವೆ.

ಹೇಳಿಕೆಯಲ್ಲಿಲ್ಲದ ಒಂದು ಸಂಗತಿ. ನೀವು ಕಳಿಸಿದ ಮೊದಲ ಟ್ಯೂಬಿನಲ್ಲೂ ಆಲ್ಕೊಹಾಲ್ ಇತ್ತು. ಮೂರು ಮಿಲಿಗ್ರಾಂ. ತೋಳಿಗೆ ಹಚ್ಚಿದ ಸ್ಪಿರಿಟ್ಟಿನದು. ಅದನ್ನು ನಿಮಗೆ ತಿಳಿಸದೆ, ಏನು ಕುಡಿದಿರಿ ಎಂದು ಕೇಳಿದೆ. ನೀವು ರೊಟ್ಟಿ, ಚಟ್ನಿ, ಮಜ್ಜಿಗೆ ಎಂದು ಮಗುವಿನ ಹಾಗೆ ಪಟ್ಟಿ ಬರೆದಿರಿ. ಅದನ್ನು ಓದಿ ನನಗೆ ಜಯವೆನಿಸಿತು. ಬೇರೆ ಯಾರದೋ ಮಾದರಿಯಾಗಿದ್ದರೆ ಮೂರು ಮಿಲಿಗ್ರಾಂ ಕಂಡ ಕೂಡಲೇ ಸ್ಪಿರಿಟ್ಟಿನ ನೆನಪಾಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಆಗದೆ ಉಳಿದಿಲ್ಲ. ನಿಮ್ಮದಾದ್ದರಿಂದ ಆಗಲಿಲ್ಲ. ನಂಬಲು ನನಗೆ ಹಿತವಾಗಿದ್ದುದನ್ನು ನಾನು ಅಳೆದೆ, ಅದಕ್ಕೆ ನಿಷ್ಪಕ್ಷಪಾತವೆಂದು ಹೆಸರಿಟ್ಟೆ.

ಹೇಳಿಕೆಯನ್ನು ಟೈಪ್ ಮಾಡಿದವರು ನನ್ನ ಕೈಕೆಳಗಿನವರು. ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದರು. ಮುಂದುವರಿಸಿ ಎಂದೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಕೇಳಿದರೂ ನೀವು ಅದನ್ನು ನಂಬುವ ಮೊದಲು ಎರಡು ಬಾಟಲಿಗೆ ಹಾಕಿ ನೋಡುತ್ತೀರಿ.

ನಂಜುಂಡೇಶ್


ಹೊಳೆನರಸೀಪುರ
9 ಸೆಪ್ಟೆಂಬರ್ 2025

ಭಾವನವರಿಗೆ,

ಅಕ್ಕ ಗೌರಿಹಬ್ಬಕ್ಕೆ ಕರೆದಿದ್ದಳು, ಬರಲಿಲ್ಲ. ನಿಮ್ಮ ಮೂರು ಮಿಲಿಗ್ರಾಂ ಓದಿದ ಮೇಲೆ ನಿಮ್ಮ ಮನೆಯಲ್ಲಿ ಕೂತು ಒಬ್ಬಟ್ಟು ತಿನ್ನುವುದು ಆಗುತ್ತಿರಲಿಲ್ಲ. ಬರೆಯದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ ಎಂಬುದನ್ನೂ ಯೋಚಿಸಿದೆ. ದಸರಾ ಹೊತ್ತಿಗೆ ನೋಡೋಣ.

ಡಾ. ತಿಮ್ಮಪ್ಪನವರು ಹೇಳಿಕೆಯನ್ನು ಗಟ್ಟಿಯಾಗಿ ಎರಡು ಸಲ ಓದಿದರು. ಎರಡನೇ ಸಲ ಓದುವಾಗ ಕೀರ್ತಿರಾಜ್ ಫೋನ್ ನೋಡತೊಡಗಿದರು. ಓದಿ ಮುಗಿಸಿ ತಿಮ್ಮಪ್ಪನವರು ನನ್ನನ್ನು ಕೇಳಿದರು: "ಎರಡ್ ಬಾಟ್ಲಿದು ಯಾರಮ್ಮ ಏಳ್ಕೊಟ್ಟಿದ್ದು?" ಯಾರೂ ಹೇಳಿಕೊಡಲಿಲ್ಲ ಸಾರ್ ಎಂದೆ. ಪೆನ್ನು ತೆಗೆದು ಬರೆಯತೊಡಗಿದರು. ಆರೋಪ ಸುಳ್ಳು. ಸೇವೆಯಲ್ಲಿ ಮುಂದುವರಿಸತಕ್ಕದ್ದು. ಅನಿಲದ ಪೈಪನ್ನು ಹತ್ತು ದಿನದೊಳಗೆ ಕಟ್ಟಡದ ಹೊರಗೆ ಬಿಡತಕ್ಕದ್ದು. ಬಾಗಿಲಿಗೆ ಅಂಟಿಸಿದ್ದ ಜೆರಾಕ್ಸನ್ನು ಮಲ್ಲಿಗಮ್ಮ ಮೊದಲೇ ಕಿತ್ತು ಒಲೆಗೆ ಹಾಕಿದ್ದಳು, ಅದಕ್ಕೆ ಆದೇಶ ಬೇಕಾಗಲಿಲ್ಲ.

ಪೈಪು ಹೊರಗೆ ಹೋಯಿತು. ನಿನ್ನೆ ಬೆಳಗ್ಗೆ ಹೋಗಿ ನೋಡಿದೆ. ಗೋಡೆ ಕೊರೆದು ಅಳತೆಗೆ ಸರಿಯಾಗಿ ಒಂದು ಗೇಣು ಆಚೆ ಬಿಟ್ಟಿದ್ದಾರೆ. ಅದರ ಬಾಯಿ ಇರುವುದು ರೋಗಿಗಳ ಕಡೆಯವರು ಕಾಯುವ ಕಲ್ಲುಬೆಂಚಿನ ನೇರ ಮೇಲೆ. ಒಬ್ಬ ಬಾಣಂತಿಯ ತಾಯಿ ಬುತ್ತಿ ಬಿಚ್ಚಿಕೊಂಡು ಅದರ ಕೆಳಗೇ ಕೂತಿದ್ದರು.

ಅವರನ್ನು ಎಬ್ಬಿಸಿ ನೆರಳಿಗೆ ಕೂರಿಸಿ, ಒಳಗೆ ಹೋಗಿ, ಪೈಪು ಸೂರು ದಾಟುವ ತನಕ ಮೊದಲ ಆಪರೇಷನ್ನಿಗೆ ಟ್ರೇ ಜೋಡಿಸುವುದಿಲ್ಲ ಎಂದೆ.

"ಆರ್ಡರಲ್ಲಿ ಒರಗೆ ಅಂತ ಇತ್ತು, ಒರಗೆ ಬಿಟ್ಟಿದ್ದೀನಿ. ಇನ್ನೇನಮ್ಮ ನಿಂದು?" ಎಂದರು ಕೀರ್ತಿರಾಜ್.

"ಒರಗೆ ಕೂತಿರೋರ್ಗೂ ಮೂಗದೆ ಸಾರ್."

"ನಿನ್ನ ಕೆಲ್ಸ ಉಳೀತಲ್ಲ, ಸುಮ್ನೆ ಇರ್ಬಾರ್ದಾ?"

ಸುಮ್ಮನಿರುವುದಕ್ಕೆ ಯಾವ ಕಾರಣವೂ ಹೊಳೆಯಲಿಲ್ಲ. ಟ್ರೇ ಮುಟ್ಟದೆ ನಿಂತಿದ್ದೆ. ಎಂಟೂಕಾಲಿಗೆ ಅವರು ಪ್ಲಂಬರ್‌ಗೆ ಫೋನ್ ಮಾಡಿದರು. ಅವನು ಒಂಬತ್ತೂವರೆಗೆ ಏಣಿ ತಂದ. ಹಿಂದಿನ ಅಂಗಳದ ನೆಲ ಸಮವಿಲ್ಲ, ಏಣಿ ಅಲುಗಾಡುತ್ತಿತ್ತು. ಕೀರ್ತಿರಾಜ್ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಏಣಿಯ ಒಂದು ಕಾಲನ್ನು ಮಲ್ಲಿಗಮ್ಮ ಹಿಡಿದಳು, ಇನ್ನೊಂದನ್ನು ನಾನು. ಅವನು ಪೈಪನ್ನು ಸೂರಿನ ಮೇಲಕ್ಕೆ ಏರಿಸಿ ಇಳಿದ ಮೇಲೆ ಕೈ ತೊಳೆದುಕೊಂಡು ಒಳಗೆ ಹೋದೆ. ಹತ್ತೂವರೆಗೆ ಮೊದಲ ರೋಗಿಯನ್ನು ಕರೆದೆವು.

ಪುಷ್ಪ